ಸೀರೆ ಮುಟ್ಟದೆಯೇ ಅದು ಮೆದುವೋ ಪೆಡಸೋ ಎಂದು ಕಣ್ಣಿಗೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಾಗಲಕೋಟೆ ಕಡೆಯವಳು, ಮದುವೆಯಾದ ಮೇಲೆ ಡೊಂಬಿವಲಿಯಲ್ಲಿದ್ದೇನೆ. ಊರಿನಿಂದ ಇಳಕಲ್ ಸೀರೆ ತರಿಸಿ, ದಾದರಿನ ಹಿಂದ್‌ಮಾತಾದಿಂದ ಕ್ರೇಪ್, ಜಾರ್ಜೆಟ್, ಆರ್ಗಾಂಜಾ ತಂದು ವಾಟ್ಸಾಪ್ ಗ್ರೂಪಿನಲ್ಲಿ ಮಾರುತ್ತೇನೆ. ಬರೀ ಫೋಟೊ ಹಾಕಿದರೆ "ಮೆತ್ತಗಿದೆಯಾ, ಕಡಕ್ ಇದೆಯಾ?" ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಾರೆ. ಸೆರಗು ಅಲ್ಲಾಡಿಸಿ ಸಣ್ಣ ವಿಡಿಯೊ ಹಾಕಿದರೆ ಆ ಪ್ರಶ್ನೆಯೇ ಬರುವುದಿಲ್ಲ, ನೇರವಾಗಿ ರೇಟು ಕೇಳುತ್ತಾರೆ. ಎರಡು ಕ್ಷಣದ ಅಲುಗಾಟದಲ್ಲಿ ಅಂಥದ್ದೇನು ಕಾಣುತ್ತದೆ? ಇನ್ನೊಂದು. ಈಚೆಗೆ ಫ್ಯಾನ್ ಹಾಕಿ, ಸ್ಲೋ ಮೋಷನ್‌ನಲ್ಲಿ ಒಂದು ಕ್ರೇಪ್ ಸೀರೆಯ ವಿಡಿಯೊ ತೆಗೆದಿದ್ದೆ. ತಗೊಂಡವರು "ವಿಡಿಯೊದಲ್ಲಿ ಹಗುರ ಕಂಡಿತ್ತು, ಉಟ್ಟರೆ ಭಾರ" ಎಂದು ವಾಪಸ್ ಕಳಿಸಿದರು. ವಿಡಿಯೊ ಸುಳ್ಳು ಹೇಳುತ್ತದೆಯೇ? ಅಪ್ಪಟ ರೇಷ್ಮೆ ಹೌದೋ ಅಲ್ಲವೋ ಎಂಬುದೂ ವಿಡಿಯೊದಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ನಮಸ್ಕಾರ. ಮುಂಬೈಯಲ್ಲಿ ಗ್ರಹಿಕೆಯ ಮನಶ್ಶಾಸ್ತ್ರ ಪಾಠ ಮಾಡುವ ನನಗೆ ಇಷ್ಟು ಚೆನ್ನಾಗಿ ನೋಡಿ ಕೇಳಿದ ಪ್ರಶ್ನೆ ಬಂದಾಗ ಬಹಳ ಸಂತೋಷವಾಗುತ್ತದೆ. ಫೋಟೊ ಹಾಕಿದರೆ ಪ್ರಶ್ನೆ ಬರುತ್ತದೆ, ವಿಡಿಯೊ ಹಾಕಿದರೆ ಬರುವುದಿಲ್ಲ ಎಂದು ನೀವು ಗಮನಿಸಿದ್ದನ್ನೇ ಪ್ರಯೋಗಾಲಯಗಳಲ್ಲಿ ಅಳೆದು ನೋಡಿದ್ದಾರೆ. ನೀವು ಕಂಡದ್ದು ಸರಿ.

ಮೆದು, ಪೆಡಸು, ಭಾರ, ಹಗುರ ಇವು ಬಣ್ಣದ ಹಾಗೆ ಬಟ್ಟೆಯ ಮೇಲ್ಮೈಯಲ್ಲಿ ಕೂತಿರುವುದಿಲ್ಲ. ಕೈ ಎಳೆದಾಗ, ಗಾಳಿ ತಳ್ಳಿದಾಗ, ಭೂಮಿ ಸೆಳೆದಾಗ ಬಟ್ಟೆ ಎಷ್ಟು ಮಣಿಯುತ್ತದೆ, ಎಷ್ಟು ಬೇಗ ಮಣಿಯುತ್ತದೆ ಎಂಬುದನ್ನೇ ನಾವು ಆ ಹೆಸರುಗಳಿಂದ ಕರೆಯುವುದು. ಹಾಗಾಗಿ ಕಣ್ಣು ಬಟ್ಟೆಯ ಗುಣ ತಿಳಿಯಬೇಕಾದರೆ ಎರಡು ಸಂಗತಿ ಬೇಕು. ಬಟ್ಟೆ ಹೇಗೆ ಅಲುಗಿತು ಎನ್ನುವುದು ಒಂದು, ಯಾವ ಬಲಕ್ಕೆ ಅಲುಗಿತು ಎನ್ನುವುದು ಇನ್ನೊಂದು. ನಿಮ್ಮ ವಿಡಿಯೊಗಳು ಗೆದ್ದದ್ದು ಮೊದಲನೆಯದರಿಂದ. ಆ ಕ್ರೇಪ್ ಸೀರೆ ವಾಪಸ್ ಬಂದದ್ದು ಎರಡನೆಯದು ಕಾಣದೆ ಹೋದದ್ದರಿಂದ.

ಫೋಟೊದಲ್ಲೂ ಒಂದು ಬಲ ಇದ್ದೇ ಇದೆ, ಭೂಮಿಯ ಸೆಳೆತ. ನೇತುಹಾಕಿದ ಸೀರೆಯ ಮಡಿಕೆಗಳು ಸಣ್ಣವೋ ದೊಡ್ಡವೋ, ತುದಿ ನೇರ ಇಳಿದಿದೆಯೋ ಹೊರಕ್ಕೆ ಚಾಚಿದೆಯೋ ಎಂಬುದರಿಂದ ಒಂದಿಷ್ಟು ಅಂದಾಜು ಸಿಗುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಮ್ಯಾಂಚೆಸ್ಟರಿನ ಶರ್ಲಿ ಇನ್ಸ್ಟಿಟ್ಯೂಟಿನಲ್ಲಿದ್ದ ಎಫ್. ಟಿ. ಪೀರ್ಸ್ 1930ರಲ್ಲಿ ಬಟ್ಟೆಯ ಪೆಡಸುತನ ಅಳೆಯಲು ಬಹಳ ಸರಳವಾದ ವಿಧಾನ ಕೊಟ್ಟರು. ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಾಚೆ ಮೆಲ್ಲಗೆ ಸರಿಸುತ್ತಾ ಹೋಗಬೇಕು. ತನ್ನ ಭಾರಕ್ಕೇ ಬಾಗುತ್ತಾ ಅದರ ತುದಿ ಅಡ್ಡಗೆರೆಯಿಂದ 41.5 ಡಿಗ್ರಿ ಕೆಳಗೆ ಬಂದಾಗ ನಿಲ್ಲಿಸಿ, ಅಂಚಿನಾಚೆ ಎಷ್ಟು ಉದ್ದ ಬಂದಿದೆ ಎಂದು ಅಳೆದು, ಅದರ ಅರ್ಧ ತೆಗೆದುಕೊಳ್ಳಬೇಕು. ಆ ಉದ್ದದ ಘನವನ್ನು ಬಟ್ಟೆಯ ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದಿಂದ, ಅಂದರೆ ಜಿಎಸ್‌ಎಂನಿಂದ ಗುಣಿಸಿದರೆ ಪೆಡಸುತನ ಸಿಗುತ್ತದೆ. ಇವತ್ತಿಗೂ ಜವಳಿ ಪರೀಕ್ಷಾಲಯಗಳಲ್ಲಿ ಬಳಕೆಯಲ್ಲಿರುವ ವಿಧಾನ ಇದು. ಹಿಂದ್‌ಮಾತಾದಿಂದ ಬಟ್ಟೆಯ ಸ್ಯಾಂಪಲ್ ತುಂಡು ತಂದರೆ ನಿಮ್ಮ ಊಟದ ಮೇಜಿನ ಮೇಲೇ ಒಂದು ಸ್ಟೀಲ್ ಸ್ಕೇಲು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಇಟ್ಟುಕೊಂಡು ಮಾಡಬಹುದು. ಎಲ್ಲ ತುಂಡುಗಳನ್ನೂ ಒಂದೇ ಅಗಲಕ್ಕೆ ಕತ್ತರಿಸಿಕೊಂಡರೆ ಸಾಕು.

ಈ ಲೆಕ್ಕದಲ್ಲಿ ನಿಮಗೆ ಬೇಕಾದ ವಿಷಯ ಒಂದಿದೆ. ಬಟ್ಟೆ ಎಷ್ಟು ಬಾಗಿ ನಿಲ್ಲುತ್ತದೆ ಎಂಬುದು ಪೆಡಸುತನವನ್ನು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಮಾತ್ರ ಕಟ್ಟುಬಿದ್ದಿದೆ. ಒಂದು ಬಟ್ಟೆ ಇನ್ನೊಂದರ ಎರಡರಷ್ಟು ಭಾರ, ಜೊತೆಗೆ ಎರಡರಷ್ಟು ಪೆಡಸು ಎಂದುಕೊಳ್ಳಿ. ಎರಡೂ ಗೂಟದ ಮೇಲೆ ಒಂದೇ ರೀತಿ ಇಳಿಬೀಳುತ್ತವೆ. ಫೋಟೊದಲ್ಲಿ ಅವುಗಳ ಆಕಾರದಿಂದ ವ್ಯತ್ಯಾಸ ಹೇಳಲು ಯಾರಿಂದಲೂ ಆಗದು, ಏಕೆಂದರೆ ಆಕಾರದಲ್ಲಿ ವ್ಯತ್ಯಾಸವೇ ಇಲ್ಲ. ನಿಮ್ಮ ಗಿರಾಕಿಗಳು ಫೋಟೊ ನೋಡಿ ಮತ್ತೆ ಮತ್ತೆ ಕೇಳುವುದು ಅನುಮಾನದ ಸ್ವಭಾವದಿಂದಲ್ಲ. ಅವರಿಗೆ ಬೇಕಾದ ಮಾಹಿತಿ ಆ ಫೋಟೊದಲ್ಲಿ ನಿಜವಾಗಿಯೂ ಇಲ್ಲ.

ಚಲನೆ ಈ ಗಂಟನ್ನು ಬಿಡಿಸುತ್ತದೆ. ಅಮೆರಿಕದ ಎಂಐಟಿಯಲ್ಲಿ ಕೇಟಿ ಬೌಮನ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಕೆಲಸ ನಿಮ್ಮ ವ್ಯಾಪಾರಕ್ಕೆ ತೀರಾ ಹತ್ತಿರದ್ದು. (2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಹೊರಬಂದಾಗ ಪತ್ರಿಕೆಗಳಲ್ಲೆಲ್ಲ ಕಂಡ ಹೆಸರು ಇದೇ.) ಅವರು 30 ಬಗೆಯ ಬಟ್ಟೆಗಳನ್ನು ಸರಳಿಗೆ ನೇತುಹಾಕಿ, ಫ್ಯಾನಿನ ಗಾಳಿಗೆ ಒಡ್ಡಿ ವಿಡಿಯೊ ತೆಗೆದರು. ಪ್ರತಿ ಬಟ್ಟೆಯ ಪೆಡಸುತನ ಮತ್ತು ತೂಕವನ್ನು ಮೊದಲೇ ಅಳೆದಿಟ್ಟುಕೊಂಡಿದ್ದರು. ಆಮೇಲೆ ಜನರಿಗೆ ಎರಡೆರಡು ಬಟ್ಟೆಗಳನ್ನು ಅಕ್ಕಪಕ್ಕ ತೋರಿಸಿ ಯಾವುದು ಪೆಡಸು, ಯಾವುದು ಭಾರ ಎಂದು ಕೇಳಿದರು. ಬರೀ ಚಿತ್ರ ನೋಡಿದವರಿಗಿಂತ ವಿಡಿಯೊ ನೋಡಿದವರ ಉತ್ತರ ಅಳತೆಗೆ ಹೆಚ್ಚು ಹೊಂದಿತು. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿರುವುದೂ ಅದೇ.

ಹಾಗಾದರೆ ಕಣ್ಣು ಹಿಡಿಯುವುದು ಏನನ್ನು? ನಿಮ್ಮ ಮನೆಯಲ್ಲೇ ಇದಕ್ಕೆ ಬೇಕಾದ ಅತ್ಯುತ್ತಮ ಸಾಮಗ್ರಿ ಇದೆ, ಇಳಕಲ್ ಸೀರೆ. ನಿಮಗೆ ಗೊತ್ತೇ ಇದೆ, ಹತ್ತಿಯ ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಹತ್ತಿಯದು, ಸೆರಗಿನ ಹಾಸು ರೇಷ್ಮೆ ಅಥವಾ ಕೃತಕ ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಒಂದೇ ಸೀರೆಯಲ್ಲಿ ಎರಡು ಬಟ್ಟೆ. ಹೊಸ ಸೀರೆಯೊಂದನ್ನು ಬಿಚ್ಚಿ, ಕೊಂಡಿಯ ಗೆರೆ ನಿಮ್ಮ ಎರಡು ಕೈಗಳ ನಡುವೆ ಬರುವಂತೆ ಮೇಲಂಚನ್ನು ಹಿಡಿದು, ಒಂದು ಸಲ ಮಾತ್ರ ಮೇಲಿನಿಂದ ಕೆಳಕ್ಕೆ ಕೊಡವಿ. ನಂತರ ಸುಮ್ಮನೆ ನಿಂತು ಗೆರೆಯ ಎರಡೂ ಬದಿ ನೋಡಿ.

ಸೆರಗಿನ ಬದಿಯಲ್ಲಿ ಕೊಡವಿದ ಅಲೆ ಸಣ್ಣ ಸಣ್ಣ ಸುಕ್ಕುಗಳಾಗಿ ಒಡೆದು ಕೆಳಗಿನವರೆಗೂ ಓಡುತ್ತದೆ. ಒಂದು ಬೆರಳಗಲದ ಜಾಗ ಮುಂದೆ ಹೋಗುತ್ತಿದ್ದರೆ ಅದರ ಪಕ್ಕದ ಬೆರಳಗಲ ಆಗಲೇ ಹಿಂದಕ್ಕೆ ಬರುತ್ತಿರುತ್ತದೆ. ಕೆಳತುದಿ ಸ್ವಲ್ಪ ತಡವಾಗಿ, ಕೈ ನಿಂತಾದ ಮೇಲೂ ಚಲಿಸುತ್ತದೆ. ಹತ್ತಿಯ ಬದಿ ಹಾಗಲ್ಲ. ಅಲ್ಲಿ ಅಂಗೈಯಗಲದ ಜಾಗವೆಲ್ಲ ಒಟ್ಟಿಗೆ ಏಳುತ್ತದೆ, ಒಟ್ಟಿಗೆ ಇಳಿಯುತ್ತದೆ. ಅಲೆ ದೊಡ್ಡದು, ಸಂಖ್ಯೆಯಲ್ಲಿ ಕಡಿಮೆ, ಬೇಗ ಸಾಯುತ್ತದೆ. ಎಲ್ಲ ನಿಂತ ಮೇಲೆ ಸೆರಗು ಮೊದಲಿನ ಇಳಿಕೆಗೇ ಮರಳಿದರೆ, ಹತ್ತಿಯಲ್ಲಿ ನಿಮ್ಮ ಹೆಬ್ಬೆರಳು ಹಿಡಿದ ಜಾಗದಿಂದ ಹೊರಟ ಒಂದು ಮಡಿಕೆ ಹಾಗೇ ಉಳಿದಿರುತ್ತದೆ. ಗಾಳಿ ಒಂದೇ, ಕೈ ಒಂದೇ, ಕ್ಷಣವೂ ಒಂದೇ. ಬೇರೆಯಾಗಿರುವುದು ನೂಲು ಮತ್ತು ಅದರೊಳಗಿನ ಗಂಜಿ ಮಾತ್ರ.

ಅಕ್ಕಪಕ್ಕದ ಬಿಂದುಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಚಲಿಸುತ್ತವೆ, ಅಲೆ ಎಷ್ಟು ದೂರ ಓಡಿ ಸಾಯುತ್ತದೆ, ತುದಿ ಎಷ್ಟು ತಡವಾಗಿ ಹಿಂಬಾಲಿಸುತ್ತದೆ, ನಿಂತ ಮೇಲೆ ಏನು ಉಳಿಯುತ್ತದೆ. ಕಣ್ಣು ಓದುವುದು ಈ ಗುರುತುಗಳನ್ನು. ಇವು ಒಂದೊಂದು ಚಿತ್ರದಲ್ಲಿ ಸಿಗುವಂಥವಲ್ಲ, ಚಿತ್ರದಿಂದ ಚಿತ್ರಕ್ಕೆ ದಾಟುವಾಗ ಹುಟ್ಟುವಂಥವು. ಇದನ್ನು ವೆನ್ಯಾನ್ ಬೀ, ಬೇ ಷಿಯಾವ್ ಮತ್ತು ಅವರ ಸಂಗಡಿಗರು 2018ರಲ್ಲಿ ಬಹಳ ಅಚ್ಚುಕಟ್ಟಾಗಿ ತೋರಿಸಿದರು. ಕಂಪ್ಯೂಟರಿನಲ್ಲಿ ಗಾಳಿಗೆ ಅಲುಗುವ ಬಟ್ಟೆಯ ದೃಶ್ಯ ತಯಾರಿಸಿ, ಅದರ ಪೆಡಸುತನವನ್ನು ಹೆಜ್ಜೆ ಹೆಜ್ಜೆಯಾಗಿ ಬದಲಿಸಿದಾಗ ನೋಡುಗರ ಅಂದಾಜು ಅದರ ಜೊತೆಗೇ ಏರಿಳಿಯಿತು. ಆಮೇಲೆ ಅದೇ ವಿಡಿಯೊದ ಚಿತ್ರಗಳ ಅನುಕ್ರಮವನ್ನು ಕಲಸಿಬಿಟ್ಟರು. ಒಂದು ಚಿತ್ರವನ್ನೂ ತೆಗೆದಿಲ್ಲ, ಒಂದನ್ನೂ ಸೇರಿಸಿಲ್ಲ. ಆದರೂ ಜನರ ಅಂದಾಜು ಕೆಟ್ಟಿತು. ಪಕ್ಕಪಕ್ಕದ ಎರಡೇ ಚಿತ್ರಗಳ ನಡುವಿನ ಚಲನೆ ನೋಡಿ ಕಲಿತ ಕಂಪ್ಯೂಟರ್ ಪ್ರೋಗ್ರಾಮಿಗಿಂತ 15 ಚಿತ್ರಗಳುದ್ದಕ್ಕೂ ಬಿಂದುಗಳ ಜಾಡು ಹಿಡಿದ ಪ್ರೋಗ್ರಾಮಿನ ಉತ್ತರ ಮನುಷ್ಯರ ಅಂದಾಜಿಗೆ ಹೆಚ್ಚು ಹತ್ತಿರವಿತ್ತು. ಸಾಮಾನ್ಯ ವಿಡಿಯೊದಲ್ಲಿ 15 ಚಿತ್ರ ಎಂದರೆ ಹೆಚ್ಚುಕಡಿಮೆ ಅರ್ಧ ಸೆಕೆಂಡು. ನೀವು ಎರಡು ಕ್ಷಣ ಎಂದು ಬರೆದಿರಿ, ಕಣ್ಣಿಗೆ ಅದು ಧಾರಾಳ.

ಬಟ್ಟೆಗಷ್ಟೇ ಸೇರಿದ ಮಾತಲ್ಲ ಇದು. ದೋಸೆ ಹಿಟ್ಟು ಸೌಟಿನಿಂದ ಬೀಳುವುದನ್ನು ದೂರದಿಂದ ನೋಡಿಯೇ ನಿಮ್ಮ ಅತ್ತೆಯವರು "ಇನ್ನೊಂಚೂರು ನೀರು ಹಾಕು" ಎನ್ನುತ್ತಾರೆ. ಜಪಾನಿನ ಎನ್‌ಟಿಟಿ ಪ್ರಯೋಗಾಲಯದ ತಕಾಹಿರೊ ಕವಾಬೆ, ಶಿನ್ಯಾ ನಿಶಿದಾ ಮತ್ತು ಸಂಗಡಿಗರು 2015ರಲ್ಲಿ ಇನ್ನೂ ಮುಂದೆ ಹೋದರು. ಹರಿಯುವ ದ್ರವದ ದೃಶ್ಯದಿಂದ ಬಣ್ಣ, ಹೊಳಪು, ಆಕಾರ ಎಲ್ಲ ತೆಗೆದುಹಾಕಿ, ಅದರ ಚಲನೆಯನ್ನು ಮಾತ್ರ ಅರ್ಥವಿಲ್ಲದ ಚುಕ್ಕೆಚುಕ್ಕೆ ತೇಪೆಗಳಿಗೆ ಕೊಟ್ಟರು. ನೋಡುಗರಿಗೆ ಆಗಲೂ ದ್ರವದ ಭಾಸವಾಯಿತು. ಚಲನೆ ನಿಧಾನವಾದಷ್ಟೂ ಗಟ್ಟಿ ದ್ರವ, ವೇಗವಾದಷ್ಟೂ ತೆಳು ದ್ರವ ಎಂದು ಕಂಡಿತು. ಪಕ್ಕಪಕ್ಕದ ಚಲನೆಗಳು ಒಂದಕ್ಕೊಂದು ನಯವಾಗಿ ಹೊಂದಿಕೊಂಡಿದ್ದರೆ ಮಾತ್ರ ದ್ರವವೆನಿಸಿತು. ಜರ್ಮನಿಯ ಗೀಸೆನ್‌ನ ಅಲೆಕ್ಸಾಂಡ್ರಾ ಶ್ಮಿಡ್ ಮತ್ತು ಕಾತ್ಯಾ ಡೋರ್ಶ್ನರ್ ಅವರ ತಂಡ ಕತ್ತಲಲ್ಲಿ ಚಲಿಸುವ ಬರೀ ಚುಕ್ಕೆಗಳಲ್ಲೇ ಬಟ್ಟೆ, ಜೆಲ್ಲಿ, ದ್ರವ ಮುಂತಾದವನ್ನು ಜನ ಗುರುತಿಸುವುದನ್ನು ತೋರಿಸಿದೆ. ಚುಕ್ಕೆಗಳಿಗೆ ಮೈಯೇ ಇಲ್ಲ, ಆದರೂ ವಸ್ತು ಕಾಣುತ್ತದೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಆ ವಿಡಿಯೊಗಳು ನನ್ನನ್ನು ಬೆರಗಾಗಿಸುತ್ತವೆ.

ಜರಿಯ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಹೊಳಪನ್ನೂ ಕಣ್ಣು ಚಲನೆಯಿಂದಲೇ ಖಾತ್ರಿ ಮಾಡಿಕೊಳ್ಳುತ್ತದೆ. ಬಟ್ಟೆಯ ಮೇಲೆ ಅಚ್ಚುಹಾಕಿದ ಹೂವು ಬಟ್ಟೆ ಹೋದಲ್ಲಿಗೆ ಹೋಗುತ್ತದೆ. ಮಿಂಚು ಹಾಗೆ ಅಂಟಿಕೊಂಡಿರುವುದಿಲ್ಲ. ಬಟ್ಟೆ ತಿರುಗಿದಾಗ ಅದು ಮಡಿಕೆಯ ಬೆನ್ನಿನ ಮೇಲೆ ಜಾರುತ್ತದೆ, ಒಂದೆಡೆ ಮಾಯವಾಗಿ ಇನ್ನೊಂದೆಡೆ ಹುಟ್ಟುತ್ತದೆ. ಡೋರ್ಶ್ನರ್, ರೋಲಂಡ್ ಫ್ಲೆಮಿಂಗ್ ಮೊದಲಾದವರು 2011ರಲ್ಲಿ, ಹೊಳೆಯುವ ಮೈ ಯಾವುದು, ಬರೀ ಚಿತ್ತಾರವಿರುವ ಮಂಕು ಮೈ ಯಾವುದು ಎಂಬುದನ್ನು ಈ ಜಾರುವಿಕೆಯೇ ಹೇಳುತ್ತದೆ ಎಂದು ತೋರಿಸಿದರು. ಹಾಗಾಗಿ ಜರಿಯಂಚನ್ನು ತೋರಿಸುವಾಗ ಕ್ಯಾಮೆರಾ ಹತ್ತಿರ ಒಯ್ದು ಸ್ಥಿರವಾಗಿ ಹಿಡಿದರೆ ಸಾಲದು. ಕಿಟಕಿಯ ಬೆಳಕಿಗೆ ಅಂಚನ್ನು ಮೆಲ್ಲಗೆ ಆ ಕಡೆ ಈ ಕಡೆ ಓಲಾಡಿಸಿ. ಪ್ರಿಂಟ್ ಜರಿಗೂ ನೇಯ್ದ ಜರಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವಿಡಿಯೊ ಸುಳ್ಳು ಹೇಳಿತೇ? ನಿಮ್ಮ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಆದರೆ ಆ ವಿಡಿಯೊ ಸುಳ್ಳು ಹೇಳಿತು. ಅದಕ್ಕೆ ಕಾರಣ ಎರಡು.

ಮೊಬೈಲಿನ ಸ್ಲೋ ಮೋಷನ್ ಸಾಮಾನ್ಯವಾಗಿ ಸೆಕೆಂಡಿಗೆ 120 ಅಥವಾ 240 ಚಿತ್ರ ತೆಗೆದು, ಅದನ್ನು 30ರ ವೇಗದಲ್ಲಿ ತೋರಿಸುತ್ತದೆ. 120 ಎಂದರೆ ಕಾಲ 4 ಪಟ್ಟು ಹಿಗ್ಗಿತು. ಬೀಳುವ ವಸ್ತುವಿನ ವೇಗ ಏರುವ ದರದಲ್ಲಿ ಕಾಲದ ವರ್ಗ ಬರುತ್ತದೆ, ಹಾಗಾಗಿ ತೆರೆಯ ಮೇಲೆ ಭೂಮಿಯ ಸೆಳೆತ 16ರಲ್ಲಿ ಒಂದು ಪಾಲಿನಷ್ಟೇ ಇದ್ದಂತೆ ಕಾಣುತ್ತದೆ. 240ರಲ್ಲಿ ತೆಗೆದಿದ್ದರೆ 64ರಲ್ಲಿ ಒಂದು ಪಾಲು. ಸಿನಿಮಾದವರು ಪುಟ್ಟ ಮಾದರಿಯ ಕಟ್ಟಡ ಕುಸಿಯುವುದನ್ನು ದೊಡ್ಡ ಕಟ್ಟಡದಂತೆ ತೋರಿಸಲು ಇದೇ ಲೆಕ್ಕ ಬಳಸುತ್ತಿದ್ದರು. ಮಾದರಿ 16ರಲ್ಲಿ ಒಂದು ಪಾಲಿನಷ್ಟಿದ್ದರೆ ಕ್ಯಾಮೆರಾವನ್ನು 4 ಪಟ್ಟು ವೇಗದಲ್ಲಿ ಓಡಿಸುವುದು. ನಿಮ್ಮ ಗಿರಾಕಿಯ ಕಣ್ಣಿಗೆ "ಇಲ್ಲಿ ಕಾಲ ಹಿಗ್ಗಿದೆ" ಎಂದು ಯಾರೂ ಹೇಳುವುದಿಲ್ಲ. ತೇಲಿಕೊಂಡು ಇಳಿಯುವ ಸೆರಗನ್ನು ಕಂಡಾಗ ಕಣ್ಣು "ಇದು ಹಗುರ, ಗಾಳಿಯೇ ಎತ್ತಿ ಹಿಡಿದಿದೆ" ಎಂದು ಓದುತ್ತದೆ. ಒಳ್ಳೆಯ ಕ್ರೇಪ್ ರೇಷ್ಮೆ ಮೆದುವಾಗಿದ್ದರೂ ತೂಕವುಳ್ಳದ್ದು. ಉಟ್ಟಾಗ ನೆರಿಗೆ ನೆಟ್ಟಗೆ ಇಳಿಯುವುದು ಆ ತೂಕದಿಂದಲೇ, ಅದೇ ಅದರ ಹೆಚ್ಚುಗಾರಿಕೆ. ಸ್ಲೋ ಮೋಷನ್ ಆ ಸೀರೆಯ ಅತಿ ಒಳ್ಳೆಯ ಗುಣವನ್ನೇ ಅಳಿಸಿ, ಷಿಫಾನಿನ ಗುಣವನ್ನು ಅದಕ್ಕೆ ಹೊದಿಸಿತು.

ಎರಡನೆಯದು ಫ್ಯಾನ್. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಆದರೆ ಗಾಳಿ ಕ್ಯಾಮೆರಾಕ್ಕೆ ಕಾಣುವುದಿಲ್ಲ. ನಿಧಾನದ ಫ್ಯಾನಿಗೆ ಹಗುರ ಬಟ್ಟೆ ಹಾರಿದ್ದಕ್ಕೂ ಜೋರು ಫ್ಯಾನಿಗೆ ಭಾರದ ಬಟ್ಟೆ ಹಾರಿದ್ದಕ್ಕೂ ಸಾಕಷ್ಟು ಹೋಲಿಕೆ ಇದೆ. ಎರಡನ್ನೂ ಒಂದೇ ಗಾಳಿಯಲ್ಲಿ ಅಕ್ಕಪಕ್ಕ ಇಟ್ಟರೆ ಗೊಂದಲವಿಲ್ಲ, ಒಂಟಿಯಾಗಿ ತೋರಿಸಿದಾಗಲೇ ತೊಂದರೆ. ಪರಿಹಾರ ಸುಲಭ. ಎಲ್ಲರಿಗೂ ಗೊತ್ತಿರುವ ಬಟ್ಟೆಯೊಂದು ಅದೇ ಗಾಳಿಯಲ್ಲಿ, ಅದೇ ಚೌಕಟ್ಟಿನಲ್ಲಿ ಕಾಣುವಂತೆ ಮಾಡಿ. ಹತ್ತಿಯ ಕರ್ಚೀಫು ಸಾಕು. ಸೀರೆ ಉಟ್ಟವರ ಬಿಟ್ಟ ಕೂದಲು ಇನ್ನೂ ಒಳ್ಳೆಯದು, ಕೂದಲು ಎಷ್ಟು ಗಾಳಿಗೆ ಎಷ್ಟು ಹಾರುತ್ತದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತು. ಜಡೆ ಬಿಗಿಯಾಗಿ ಕಟ್ಟಿ ಫ್ಯಾನ್ ಹಾಕಿದರೆ ಆ ಅಳತೆಗೋಲನ್ನು ನೀವೇ ಮುಚ್ಚಿಟ್ಟಂತೆ.

ಫ್ಯಾನೇ ಬೇಡವೆಂದರೆ ಸುಮ್ಮನೆ ತೂಗಾಡಿಸಿದರೆ ಸಾಕೇ ಎಂದು ನೀವು ಕೇಳಬಹುದು. ತೂಗಾಟದಿಂದ ತೂಕ ತಿಳಿಯುವುದಿಲ್ಲ. ಲೋಲಕದ ಓಲಾಟಕ್ಕೆ ಅದರ ಉದ್ದ ಮುಖ್ಯ, ತೂಕ ಮುಖ್ಯವಲ್ಲ. ತೂಕ ಕಾಣಬೇಕಾದರೆ ಗಾಳಿ ಅಡ್ಡ ಬರಬೇಕು, ಇಲ್ಲವೇ ಒಂದು ದೇಹ ಆ ತೂಕವನ್ನು ಹೊರಬೇಕು. ಈ ಎರಡನೆಯ ದಾರಿಯನ್ನು ವ್ಯಾಪಾರಿಗಳು ಮರೆತೇಬಿಡುತ್ತಾರೆ. ಸ್ವೀಡನ್ನಿನ ಉಪ್ಸಾಲದಲ್ಲಿ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಮನುಷ್ಯರ ಕೀಲುಗಳಿಗೆ ಬೆಳಕಿನ ಬಿಂದುಗಳನ್ನಷ್ಟೇ ಕಟ್ಟಿ ಕತ್ತಲಲ್ಲಿ ನಡೆಸಿದಾಗ, ನೋಡಿದವರು ಕೂಡಲೇ "ಮನುಷ್ಯ ನಡೆಯುತ್ತಿದ್ದಾನೆ" ಎಂದರು. ಅದರ ಬೆನ್ನಿಗೆ ಸ್ವೆರ್ಕರ್ ರೂನೆಸನ್ ಮತ್ತು ಗುನಿಲ್ಲಾ ಫ್ರೈಕ್‌ಹೋಮ್ 1981ರಲ್ಲಿ, ಪೆಟ್ಟಿಗೆ ಎತ್ತುವವರ ಇಂಥದ್ದೇ ಬಿಂದುಗಳನ್ನು ನೋಡಿ ಪೆಟ್ಟಿಗೆಯ ತೂಕವನ್ನು ಜನ ಅಂದಾಜಿಸಬಲ್ಲರು ಎಂದು ತೋರಿಸಿದರು. 1983ರ ಮುಂದಿನ ಕೆಲಸದಲ್ಲಿ ಎತ್ತುವವರಿಗೆ ಬೇಕೆಂದೇ ನಟಿಸಲು ಹೇಳಿದರು, ಹಗುರದ ಪೆಟ್ಟಿಗೆಯನ್ನು ಭಾರವೆಂಬಂತೆ ಎತ್ತುವುದು ಹೀಗೆ. ನೋಡುಗರಿಗೆ ನಿಜವಾದ ತೂಕವೂ ಕಂಡಿತು, ನಟಿಸುವ ಉದ್ದೇಶವೂ ಕಂಡಿತು.

ಸೀರೆಗೆ ಇದನ್ನು ಹೊಂದಿಸಿ. ಸೆರಗನ್ನು ಎಡಭುಜದ ಮೇಲೆ ಹಾಕಿಕೊಳ್ಳುವ ಆ ಒಂದು ಚಲನೆಯನ್ನು ಪೂರ್ತಿಯಾಗಿ, ಮೊಣಕೈ, ಭುಜ, ಕುತ್ತಿಗೆ ಎಲ್ಲ ಕಾಣುವಂತೆ ತೆಗೆಯಿರಿ. ಭಾರದ ಕಾಂಜೀವರಂ ಆದರೆ ಕೈ ತುಸು ಮೊದಲೇ ಬಲ ಹಾಕುತ್ತದೆ, ಸೆರಗು ಬಿದ್ದಾಗ ಭುಜ ಕೂದಲೆಳೆಯಷ್ಟು ಇಳಿಯುತ್ತದೆ. ಜಾರ್ಜೆಟ್ ಆದರೆ ಮಣಿಕಟ್ಟಿನ ಒಂದು ತಿರುವು ಸಾಕು. ಹಾಗೆಯೇ ಬಟ್ಟೆಯನ್ನು ಬೆರಳುಗಳ ನಡುವೆ ಹಿಸುಕುವ, ಅಂಗೈಯಿಂದ ಸವರುವ ದೃಶ್ಯವೂ ಬೆಲೆಯುಳ್ಳದ್ದು. ಇನ್ನೊಬ್ಬರ ಕೈ ವಸ್ತುವೊಂದನ್ನು ಒತ್ತಿ ನೋಡುವುದನ್ನು ಕಣ್ಣಿನಿಂದ ನೋಡಿದರೆ ಸಾಕು, ಅದು ಎಷ್ಟು ಮೆತ್ತಗಿದೆ ಎಂದು ಜನ ಹೇಳಬಲ್ಲರು. 2009ರಲ್ಲಿ ಕ್ನುಟ್ ಡ್ರೂಯಿಂಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದಾರೆ. ಮಂಗಲದಾಸ್ ಮಾರ್ಕೆಟ್ಟಿನ ಹಳೆಯ ಅಂಗಡಿಕಾರರು ಥಾನು ಬಿಚ್ಚಿ ಎಸೆದು, ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರಲ್ಲ, ಅದನ್ನು ಬರೀ ಆಡಂಬರ ಎಂದುಕೊಳ್ಳಬೇಡಿ. ಬೀಳುವಾಗ ತೂಕ, ಮುಷ್ಟಿ ಬಿಚ್ಚಿದಾಗ ಸುಕ್ಕು ಮರಳುವ ಗುಣ, ಎರಡನ್ನೂ ಮೂರ್ನಾಲ್ಕು ಸೆಕೆಂಡಿನಲ್ಲಿ ತೋರಿಸಿ ಮುಗಿಸಿರುತ್ತಾರೆ.

ವಿಡಿಯೊದ ಕೆಳಗೆ ನೀವು ಬರೆಯುವ ಮಾತೂ ನೋಟವನ್ನು ಎಳೆಯಬಲ್ಲದು. ಪರಿಚಿತ ವಸ್ತುವೊಂದು ಅನಿರೀಕ್ಷಿತವಾಗಿ ಜೆಲ್ಲಿಯ ಹಾಗೆ ಅಲುಗಿದರೆ ಜನರ ತೀರ್ಮಾನ ತಡವಾಗುತ್ತದೆ, ಮೊದಲೇ ಇದ್ದ ನಿರೀಕ್ಷೆ ಆ ತೀರ್ಮಾನದಲ್ಲಿ ಬೆರೆಯುತ್ತದೆ ಎಂದು ಗೀಸೆನ್ ತಂಡದ 2020ರ ಪ್ರಯೋಗ ಹೇಳುತ್ತದೆ. "ಹೂವಿನಂತೆ ಹಗುರ" ಎಂದು ಬರೆದು ಕ್ರೇಪ್ ತೋರಿಸಿದರೆ ಕೊಳ್ಳುವವರ ಕಣ್ಣನ್ನು ನೀವೇ ದಾರಿ ತಪ್ಪಿಸಿದಂತೆ. "ಮೆದು, ಆದರೆ ತೂಕವಿದೆ, ನೆರಿಗೆ ಚೆನ್ನಾಗಿ ಕೂರುತ್ತದೆ" ಎಂದು ಬರೆಯಿರಿ. ತೂಕದ ಸೀರೆಯನ್ನೇ ಹುಡುಕುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಕಣ್ಣು ಇದನ್ನೆಲ್ಲ ಮಾಡುವುದು ಹೇಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಗಡ ಇವೆ. ಮಿದುಳು ಒಳಗೊಂದು ಅಂದಾಜಿನ ಭೌತಶಾಸ್ತ್ರ ನಡೆಸಿ, ಇಂಥ ಬಟ್ಟೆಯಾದರೆ ಹೀಗೆ ಚಲಿಸುತ್ತಿತ್ತು ಎಂದು ತಾಳೆ ನೋಡುತ್ತದೆ ಎನ್ನುವವರು ಒಂದು ಕಡೆ. 2013ರಲ್ಲಿ ಬ್ಯಾಟಾಗ್ಲಿಯಾ, ಹ್ಯಾಮ್ರಿಕ್, ಟೆನೆನ್‌ಬಾಮ್ ಈ ವಾದವನ್ನು ಬಲವಾಗಿ ಮುಂದಿಟ್ಟರು. ಅಷ್ಟೆಲ್ಲ ಲೆಕ್ಕ ಬೇಕಿಲ್ಲ, ಅನುಭವದಲ್ಲಿ ಕಲಿತ ಕೆಲವು ಗುರುತುಗಳೇ ಸಾಕು ಎನ್ನುವವರು ಇನ್ನೊಂದು ಕಡೆ. ಬಟ್ಟೆಯ ವಿಷಯದಲ್ಲಿ ನನ್ನ ಒಲವು ಎರಡನೆಯದರತ್ತ. ಒಳಗೆ ನಿಜವಾದ ಲೆಕ್ಕ ನಡೆಯುತ್ತಿದ್ದರೆ ಸ್ಲೋ ಮೋಷನ್ ಎಂದು ತಿಳಿದ ಮೇಲೆ ಅದನ್ನು ಸರಿಪಡಿಸಿಕೊಂಡು ನೋಡಲು ಆಗಬೇಕಿತ್ತು. ತಿಳಿದ ಮೇಲೂ ಆ ಸೆರಗು ನನಗೆ ಹಗುರವಾಗಿಯೇ ಕಾಣುತ್ತದೆ.

ವಿಡಿಯೊ ತೆಗೆಯುವಾಗ ಇನ್ನೆರಡು ಎಚ್ಚರ. ಟ್ಯೂಬ್‌ಲೈಟಿನ ಮಂದ ಬೆಳಕಿನಲ್ಲಿ ತೆಗೆದರೆ ವೇಗದ ಚಲನೆ ಮಸುಕಾಗುತ್ತದೆ, ಸಣ್ಣ ಸುಕ್ಕುಗಳು ಕರಗಿ ಹೋಗುತ್ತವೆ, ಪೆಡಸು ಯಾವುದು ಮೆದು ಯಾವುದು ಎಂದು ಹೇಳುತ್ತಿದ್ದುದೇ ಆ ಸುಕ್ಕು. ವಾಟ್ಸಾಪ್ ವಿಡಿಯೊವನ್ನು ಹಿಂಡಿ ಕಳಿಸುವುದರಿಂದ ಇನ್ನಷ್ಟು ನಷ್ಟ. ಹಗಲಿನಲ್ಲಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ತೆಗೆದು, ಕಳಿಸುವಾಗ ಎಚ್‌ಡಿ ಆರಿಸಿ.

ಮುಂಬೈಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜವಳಿ ಪರೀಕ್ಷೆಗಳನ್ನು ಶೇ. 65ರ ತೇವಾಂಶದಲ್ಲಿ ಮಾಡುತ್ತಾರೆ. ಅಷ್ಟು ತೇವದಲ್ಲೇ ಹತ್ತಿ ತನ್ನ ಒಣತೂಕದ ಶೇ. 8.5ರಷ್ಟು, ರೇಷ್ಮೆ ಶೇ. 11ರಷ್ಟು ನೀರನ್ನು ಗಾಳಿಯಿಂದ ಹೀರಿಕೊಂಡಿರುತ್ತವೆ. ಪಾಲಿಯೆಸ್ಟರ್ ಹೀರುವುದು ಶೇ. 0.4 ಮಾತ್ರ. ಜುಲೈಯಲ್ಲಿ ನಮ್ಮಲ್ಲಿ ತೇವಾಂಶ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಗಂಜಿ ಹಾಕಿದ ಹತ್ತಿಯೂ ರೇಷ್ಮೆ ಆರ್ಗಾಂಜಾವೂ ಆಗ ಮೆತ್ತಗಾಗುತ್ತವೆ, ಪಾಲಿಯೆಸ್ಟರ್ ಆರ್ಗಾಂಜಾ ಹಾಗೇ ನಿಲ್ಲುತ್ತದೆ. ಎಪ್ರಿಲ್‌ನಲ್ಲಿ ಏಸಿ ಕೋಣೆಯೊಳಗೆ ತೆಗೆದ ವಿಡಿಯೊವನ್ನು ಮಳೆಗಾಲದಲ್ಲಿ ಮತ್ತೆ ಹಾಕಬೇಡಿ. ಕೈಮಗ್ಗದ ಹತ್ತಿ ಸೀರೆಯಾದರೆ ಮೊದಲ ಒಗೆತಕ್ಕೆ ನೂಲಿನ ಗಂಜಿ ಬಿಟ್ಟು ಸೀರೆಯ ಚಲನೆಯೇ ಬದಲಾಗುತ್ತದೆ. ಒಗೆದ ಇಳಕಲ್ ಒಂದನ್ನು ಹೊಸದರ ಪಕ್ಕದಲ್ಲೇ ಕೊಡವಿ ತೋರಿಸಿದರೆ ಕೊಳ್ಳುವವರಿಗೆ ಮುಂದೆ ಏನಾಗುತ್ತದೆ ಎಂಬುದೂ ಕಾಣುತ್ತದೆ.

ಕೊನೆಯ ಪ್ರಶ್ನೆ, ಅಪ್ಪಟ ರೇಷ್ಮೆ ಹೌದೋ ಅಲ್ಲವೋ. ಇದಕ್ಕೆ ವಿಡಿಯೊವನ್ನು ನಂಬಬೇಡಿ, ನಂಬಿ ಎಂದು ಗಿರಾಕಿಗಳಿಗೂ ಹೇಳಬೇಡಿ. ಚಲನೆಯಲ್ಲಿ ಕಾಣುವುದು ಬಾಗುವ ಗುಣ, ತೂಕ, ಮೈಯ ನಯ. ನೂಲು ಯಾವ ವಸ್ತುವಿನದು ಎಂಬುದು ಚಲನೆಯಲ್ಲಿ ಇಲ್ಲ. ನವುರು ಪಾಲಿಯೆಸ್ಟರ್ ನೂಲನ್ನು ಹುರಿಗೊಳಿಸಿ ನೇಯ್ದ ಕ್ರೇಪ್, ರೇಷ್ಮೆ ಕ್ರೇಪಿನಷ್ಟೇ ಪೆಡಸು, ಅಷ್ಟೇ ತೂಕ ಇರುವಂತೆ ಮಾಡಬಹುದು. ಆಗ ಎರಡೂ ಒಂದೇ ರೀತಿ ಅಲುಗುತ್ತವೆ. ಅದಕ್ಕೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರುಮಾಡಿದ ಸಿಲ್ಕ್ ಮಾರ್ಕ್ ಚೀಟಿ ಇರುವ ಸೀರೆ ತರಿಸಿ, ಚೀಟಿಯನ್ನೂ ವಿಡಿಯೊದಲ್ಲಿ ತೋರಿಸಿ. ಚೀಟಿ ಇಲ್ಲದ ಮಾಲು ಬಂದರೆ ಸುಟ್ಟು ನೋಡುವ ಹಳೆಯ ಪರೀಕ್ಷೆ ಇದ್ದೇ ಇದೆ. ರೇಷ್ಮೆಯ ಎಳೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸಿನಿಂದ ಒಂದು, ಹೊಕ್ಕಿನಿಂದ (ಅಡ್ಡ ಎಳೆಗಳಿಂದ) ಒಂದು ಎಳೆ ಬೇರೆ ಬೇರೆಯಾಗಿ ತೆಗೆದು ಸುಡಿ. ಇಳಕಲ್ ಆದರೆ ಮೈಯಿಂದ ಒಮ್ಮೆ, ಸೆರಗಿನಿಂದ ಒಮ್ಮೆ ತೆಗೆದು ನೋಡಿ. ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಿ. ರೇಯಾನ್ ನೂಲಿನ ಕೃತಕ ರೇಷ್ಮೆ ಕಾಗದ ಸುಟ್ಟ ವಾಸನೆ ಕೊಡುತ್ತದೆ, ಹಾಗಾಗಿ ಅದನ್ನು ಪಾಲಿಯೆಸ್ಟರ್ ಜೊತೆ ಗೊಂದಲ ಮಾಡಿಕೊಳ್ಳುವ ಪ್ರಮೇಯ ಬರುವುದಿಲ್ಲ.